ಮೊಂಬಾಸಾದಲ್ಲಿ ನಡೆಯದ ಅಂಚೆಚೀಟಿ

ನಾನೊಂದು ಅಂಚೆಚೀಟಿ. ಹುಟ್ಟಿದ್ದು ನಾಸಿಕದ ಅಚ್ಚುಮನೆಯಲ್ಲಿ. ಮೈಮೇಲೆ ಕೈಮಗ್ಗದ ಚಿತ್ರ, ಬೆನ್ನಿಗೆ ಗೋಂದು, ಸುತ್ತಲೂ ಹಲ್ಲುಹಲ್ಲಿನ ಅಂಚು. ಒಂದೇ ಹಾಳೆಯ ಒಡಹುಟ್ಟಿದವರೆಲ್ಲ ಮೈಗೆ ಮೈ ತಾಗಿಸಿಕೊಂಡು ರೈಲು ಹತ್ತಿ ಗದಗದ ಬಳಿಯ ಬೆಟಗೇರಿಗೆ ಬಂದೆವು. ಹೆಬ್ಬೆರಳಷ್ಟೇ ಇದ್ದೇನೆಂದು ಮೂಗು ಮುರಿಯಬೇಡಿ, ಆಗ ನನಗೆ ಸೊಕ್ಕು ಬೆಟ್ಟದಷ್ಟಿತ್ತು!

ಆ ಸೊಕ್ಕು ಬಂದದ್ದು ನೇಕಾರರ ಓಣಿಯ ಈರವ್ವನಿಂದ. ಅವಳ ತಮ್ಮ ಪರಪ್ಪ ಕಡಲಾಚೆಯ ಮೊಂಬಾಸಾದಲ್ಲಿ ದರ್ಜಿ. ತಾಯಿ ತೀರಿಕೊಂಡಾಗ ಅವನಿಗೆ ಬರಲಾಗಿರಲಿಲ್ಲ. “ಇನ್ನ ನನಗ ಮಾರಿ ತೋರಸಬ್ಯಾಡ” ಎಂದು ಈರವ್ವ ಸಿಟ್ಟಿನಲ್ಲಿ ಬರೆಸಿ ಕಳಿಸಿದ್ದಳು. ಅಂದಿನಿಂದ ಅವನ ಸುದ್ದಿಯೇ ಇಲ್ಲ. ಈಗ ಮಗಳು ನಿಂಗವ್ವನ ಮದುವೆ. ಸೋದರಮಾವ ಕೈಹಿಡಿದು ಹಂದರಕ್ಕೆ ಕರೆತರಬೇಕು. ಮಾವನಿಲ್ಲದ ಮದುವೆ ಈರವ್ವನಿಗೆ ಉಪ್ಪಿಲ್ಲದ ಊಟ.

ತಮ್ಮನಿಗೆ ಪತ್ರ ಹಾಕಲು ಬಂದ ಅವಳಿಗೆ ಅಂಚೆ ಮಾಸ್ತರ ದೇಸಾಯರು ತಿಳಿಸಿ ಹೇಳಿದರು: “ನಮ್ಮ ದೇಶದೊಳಗಿನ ದರ ಬ್ಯಾರೆ, ಹೊರದೇಶದ್ದು ಬ್ಯಾರೆ. ತೂಕಾನೂ ನೋಡಬೇಕಾಗ್ತದವಾ.”

“ಅಲ್ರೀ, ನಮ್ಮ ಸ್ಟಾಂಪಿಗೆ ಆ ಊರಾಗ ಯಾರು ಕಿಮ್ಮತ್ತು ಕೊಡ್ತಾರ?”

“ಕೊಡ್ತಾರ. ನಮ್ಮ ಪತ್ರ ಅವರು ಮುಟ್ಟಸ್ತಾರ, ಅವರ ಪತ್ರ ನಾವು ಮುಟ್ಟಸ್ತೀವಿ. ಎಲ್ಲಾ ದೇಶದವರು ಕೂಡಿ ಹಂಗ ಮಾತಾಡ್ಕೊಂಡಾರ.”

ಅಬ್ಬಾ! ನಾನು ಬೆರಗಾಗಿ ಹೋದೆ. ಅಂಗೈಯಗಲ ನೆಲಕ್ಕೆ ಜಗಳಾಡುವ ದೇಶಗಳು ನನ್ನಂಥ ಕಾಗದದ ಚೂರಿನ ಮಾತು ಕೇಳುತ್ತವಂತೆ! ಗುರುತು ಪರಿಚಯವಿಲ್ಲದವರು ಕೈಯಿಂದ ಕೈಗೆ ದಾಟಿಸಿ ಈರವ್ವನ ಕಾಗದವನ್ನು ಪರಪ್ಪನಿಗೆ ಒಪ್ಪಿಸುತ್ತಾರಂತೆ!

ಈರವ್ವನಿಗೆ ಅಷ್ಟು ಸಾಕಾಯಿತು. ಉತ್ತರ ಬೇಕೇಬೇಕೆಂದರೆ ಜವಾಬಿ ಕಾರ್ಡು ಕಳಿಸುವುದು ನಮ್ಮ ಕಡೆಯ ರೂಢಿ. ನಾವು ಬರೆದ ಕಾರ್ಡಿಗೇ ಅವರು ಮರಳಿ ಬರೆಯುವ ಕಾರ್ಡೂ ಅಂಟಿಕೊಂಡಿರುತ್ತದೆ. ಅದೇ ಲೆಕ್ಕದಲ್ಲಿ ಅವಳು ಇನ್ನೊಂದು ಲಕೋಟೆಗೆ ತನ್ನ ವಿಳಾಸ ಬರೆಸಿ, ನನ್ನನ್ನು ಹಚ್ಚಿ, ಮಡಚಿ ಪತ್ರದೊಳಗೆ ಇಟ್ಟಳು. “ಈಗ ಹೆಂಗ ಜವಾಬು ಬರಿಯೂದಿಲ್ಲ ನೋಡ್ತೀನಿ” ಎಂದಳು. ಮಾಸ್ತರರನ್ನು ಒಂದು ಮಾತು ಕೇಳಿದ್ದರೆ ಅವರು ಹಣೆ ಚಚ್ಚಿಕೊಳ್ಳುತ್ತಿದ್ದರು.

ಒಡಹುಟ್ಟಿದವರು ಹೊರಗೆ ಕರಿಮುದ್ರೆ ಹೊಡೆಸಿಕೊಂಡು ಮೆರೆಯುತ್ತ ಹೊರಟರು, ನಾನು ಒಳಗೆ ಕತ್ತಲಲ್ಲಿ. ಕಡಲು ದಾಟಿದೆವು. ದಾರಿಯಲ್ಲಿ ಯಾರೂ ತಡೆಯಲಿಲ್ಲ, ಯಾರೂ ಮತ್ತೆ ಕಾಸು ಕೇಳಲಿಲ್ಲ. ದೇಸಾಯರ ಮಾತು ಸುಳ್ಳಾಗಲಿಲ್ಲ.

ಪತ್ರ ಬಿಚ್ಚಿದ ಪರಪ್ಪ ನನ್ನನ್ನು ಕಂಡು “ಹುಚ್ಚಿ ನಮ್ಮಕ್ಕ!” ಎಂದು ನಕ್ಕ. ಆಮೇಲೆ ಹೊಲಿಗೆಯಂತ್ರದ ಮೇಲೆ ತಲೆಯಿಟ್ಟು ಅತ್ತ. ಆದರೂ ನನ್ನನ್ನು ಅಲ್ಲಿಯ ಅಂಚೆ ಕಚೇರಿಗೆ ಒಯ್ದ. ಕಿಟಕಿಯಾಚೆಯ ಹೆಂಗಸು ನನ್ನನ್ನು ನೋಡಿ ತಲೆಯಲ್ಲಾಡಿಸಿದಳು. ಇಲ್ಲಿಂದ ಹೊರಡುವ ಪತ್ರಕ್ಕೆ ಇಲ್ಲಿಯ ಚೀಟಿಯೇ ಬೇಕೆಂದು, ಜಿರಾಫೆಯ ಚಿತ್ರವಿದ್ದ ಒಂದನ್ನು ಮುಂದೆ ಹಿಡಿದಳು. ನನ್ನ ಸೊಕ್ಕು ಜರ್ರನೆ ಇಳಿಯಿತು. ನಮ್ಮೂರಿಂದ ಹೊರಟರೆ ಜಗತ್ತೇ ದಾಟಿಸುವ ನಾನು, ಪರದೇಶದಿಂದ ಒಂದು ಹೆಜ್ಜೆಯನ್ನೂ ಮರಳಿಸಲಾರೆ! ಪರಪ್ಪ ಜಿರಾಫೆಯನ್ನು ನೋಡಿದ, ನನ್ನನ್ನು ನೋಡಿದ. ಏನೂ ಕೊಳ್ಳದೆ ಲಕೋಟೆಯನ್ನು ಅಂಗಿಯ ಜೇಬಿಗಿಳಿಸಿದ.

ಇತ್ತ ಬೆಟಗೇರಿಯಲ್ಲಿ ಹಂದರ ಎದ್ದಿತು, ಜವಾಬು ಬರಲಿಲ್ಲ. ನಿಂಗವ್ವನಿಗೆ ಅರಿಸಿನ ಹಚ್ಚುವಾಗಲೂ ಈರವ್ವನ ಕಣ್ಣು ಓಣಿಯ ತುದಿಯಲ್ಲೇ ಇತ್ತಂತೆ. ಪರಪ್ಪನೂ ನಾನೂ ಟಾಂಗಾದಿಂದ ಇಳಿದದ್ದೇ ತಡ, ಅರಿಸಿನದ ಕೈಯಲ್ಲೇ ಓಡಿಬಂದಳು.

“ಒಂದು ಜವಾಬು ಬರಿಯಾಕ ಏನಾಗಿತ್ತೋ ನಿನಗ?” ಎಂದು ಬಯ್ಯುತ್ತಲೇ ಅವನ ತೋಳು ಹಿಡಿದು ಅತ್ತಳು.

ಪರಪ್ಪ ಜೇಬಿನಿಂದ ನನ್ನನ್ನು ತೆಗೆದ. “ನಿನ್ನ ಸ್ಟಾಂಪು ಅಲ್ಲಿ ನಡೀಲಿಲ್ಲಬೇ ಅಕ್ಕಾ. ಅದಕ್ಕ ನಾನ ಬಂದೆ.”

ಈಗ ನಾನು ಈರವ್ವನ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ಇದ್ದೇನೆ. ಬಣ್ಣ ಮಾಸಿದೆ. ದರ ಎಷ್ಟೋ ಸಲ ಏರಿದೆಯಂತೆ, ಇಂದು ನನ್ನೊಬ್ಬನಿಂದ ಪತ್ರ ಗದಗವನ್ನೂ ಮುಟ್ಟಲಿಕ್ಕಿಲ್ಲ. ಮುದ್ರೆ ಬೀಳದ ಚೀಟಿ ದುಡಿಯದ ಚೀಟಿ ಎಂದು ನನ್ನಂಥವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಅಂದು ತಮ್ಮನ ಕೈಯಿಂದ ಲಕೋಟೆ ಕಸಿದುಕೊಂಡಾಗ ಒತ್ತಿದ ಈರವ್ವನ ಹೆಬ್ಬೆರಳಿನ ಅರಿಸಿನ ನನ್ನ ಮೈಮೇಲೆ ಇನ್ನೂ ಇದೆ.