ಹದಿನೈದು ಜನ ಬೇಕು

ಭೂವಿಜ್ಞಾನ ವಿಭಾಗದ ಬಾಗಿಲಲ್ಲಿ ನಿಂತೇ ಪ್ರಾಂಶುಪಾಲರು ಸುತ್ತೋಲೆ ಓದಿದರು. ಒಳಗೆ ಬಂದು ಕೂತರೆ ಮಾತು ಬೆಳೆಯುತ್ತದೆಂಬ ಭಯ ಅವರಿಗೆ. ಹದಿನೈದಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ವಿಭಾಗಗಳನ್ನು ಸರ್ಕಾರಿ ಕಾಲೇಜುಗಳಲ್ಲಿ ಇನ್ನು ಮುಂದುವರಿಸುವುದಿಲ್ಲ. ಈ ತಿಂಗಳ ಕೊನೆಗೆ ಇರುವ ಸಂಖ್ಯೆಯನ್ನು ಕಳಿಸಿಕೊಡಿ, ಎಂದಿತ್ತು ಅದರಲ್ಲಿ.

"ನಿಮ್ಮಲ್ಲಿ ಎಷ್ಟಿದಾರೆ?"

"ಹನ್ನೆರಡು ಸಾರ್," ಎಂದಳು ಒಳಗಿದ್ದ ಉಪನ್ಯಾಸಕಿ.

"ಮೂರು ಕಡಿಮೆ," ಎಂದು ಲೊಚಗುಟ್ಟಿದರು. "ನೋಡಿ, ಏನಾದ್ರೂ ಮಾಡೋಕಾಗುತ್ತಾ?"

ಮಕ್ಕಳು ಅವಳನ್ನು ಕಲ್ಲು ಮೇಡಂ ಎನ್ನುತ್ತಿದ್ದರು. ಕಡತಗಳಲ್ಲಿ ಅವಳು ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಅತಿಥಿಯಾಗಿ ಉಳಿದವರು ಲೋಕದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಮೊದಲು ಆ ವಿಭಾಗಕ್ಕೆ ಮೂರು ಕಾಯಂ ಹುದ್ದೆಗಳಿದ್ದವು. ಇಬ್ಬರು ನಿವೃತ್ತರಾದರು, ಒಬ್ಬರು ತೀರಿಕೊಂಡರು. ಆ ಕುರ್ಚಿಗಳಿಗೆ ಮತ್ತೆ ಯಾರನ್ನೂ ತುಂಬಲಿಲ್ಲ. ಪಾಠ, ಪ್ರಯೋಗ, ಬೆಟ್ಟಗುಡ್ಡ ಸುತ್ತಿಸಿ ಬಂಡೆ ತೋರಿಸುವುದು, ಬೀರುವಿನ ಕಲ್ಲುಗಳ ಧೂಳು ಒರೆಸುವುದು, ಎಲ್ಲವೂ ಅವಳದೇ. ಮೇಷ್ಟ್ರಿಲ್ಲದ ವಿಭಾಗವೆಂದು ಸುದ್ದಿ ಹಬ್ಬಿದ ಮೇಲೆ ಸೇರುವವರೂ ಕಡಿಮೆಯಾದರು. ಸೇರುವವರು ಕಡಿಮೆಯೆಂದು ಹುದ್ದೆ ತುಂಬಲಿಲ್ಲ. ಈ ಗಾಣ ಸುತ್ತುತ್ತಲೇ ಇತ್ತು.

ಮರುದಿನದಿಂದ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡಳು. ಮೂರು ಪಿಯು ಕಾಲೇಜುಗಳಿಗೆ ಹೋದಳು, ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚಿದಳು. ಊರಾಚೆ ಕೊಳವೆಬಾವಿ ಕೊರೆಯುತ್ತಿದ್ದ ಲಾರಿಯ ಹತ್ತಿರ ನಿಂತಾಗ, ಮೈಯೆಲ್ಲ ಬಿಳಿ ಹುಡಿ ಮೆತ್ತಿಕೊಂಡಿದ್ದ ಮೇಸ್ತ್ರಿ ಕೇಳಿದ, "ಓದಿದ್ರೆ ನೀರೆಲ್ಲಿದೆ ಅಂತ ಗೊತ್ತಾಗುತ್ತಾ ಮೇಡಂ?"

"ಎಲ್ಲಿ ಇರಲ್ಲ ಅಂತಾದ್ರೂ ಗೊತ್ತಾಗುತ್ತೆ."

"ಅಷ್ಟು ಗೊತ್ತಾದ್ರೆ ಸಾಕು. ಇಪ್ಪತ್ತು ವರ್ಷದಿಂದ ಜನರ ಬೈಗುಳ ತಿಂತಾ ಇದೀನಿ." ಪಿಯುಸಿ ಮುಗಿಸಿದ್ದ ಆತ ಅಲ್ಲೇ ಅರ್ಜಿಗೆ ಸಹಿ ಹಾಕಿದ. ಅರ್ಜಿಯ ಮೇಲೂ ಹುಡಿ ಬಿತ್ತು. ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳು ಎರಡು ದಿನ ಯೋಚಿಸಿ ಒಪ್ಪಿದಳು. ಇನ್ನೊಬ್ಬರು ಬೇಕಿತ್ತು. ಒಂದು ವಾರ ಅಲೆದರೂ ಆ ಒಬ್ಬರು ಸಿಗಲಿಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಅತ್ತೆ ಕೇಳಿದರು, "ನಾನು ಬಂದ್ರೆ ಆಗಲ್ವೇನೇ?"

ಅವಳು ನಕ್ಕಳು. ಅತ್ತೆ ನಗಲಿಲ್ಲ. ಕೈ ಒರೆಸಿಕೊಂಡು ಒಳಗೆ ಹೋಗಿ, ಟ್ರಂಕಿನ ತಳದಿಂದ ನಲವತ್ತು ವರ್ಷ ಹಳೆಯ ಪಿಯುಸಿ ಅಂಕಪಟ್ಟಿ ತಂದರು. ಮಡಿಕೆಗಳಲ್ಲಿ ಹರಿದಿತ್ತು, ರಸಾಯನಶಾಸ್ತ್ರದಲ್ಲಿ ಎಂಬತ್ತೊಂದು ಅಂಕ ಮಾತ್ರ ನಿಚ್ಚಳವಾಗಿತ್ತು.

"ಇದು ಬಂದ ವಾರವೇ ನನ್ನ ಮದುವೆ ನಿಶ್ಚಯವಾಯ್ತು," ಎಂದರು ಅತ್ತೆ. "ವಯಸ್ಸಿನ ಮಿತಿ ಏನಾದ್ರೂ ಇದೆಯಾ?"

ಇರಲಿಲ್ಲ. ಅವಳು ನಿಯಮಾವಳಿಯನ್ನು ಎರಡೆರಡು ಸಲ ಓದಿ ಖಚಿತ ಮಾಡಿಕೊಂಡಳು. "ಅಮ್ಮನೂ ನೀನೂ ಒಂದೇ ಟಿಫಿನ್ ಡಬ್ಬಿ ತಗೊಂಡು ಹೋಗಿ," ಎಂದು ಗಂಡ ತಮಾಷೆ ಮಾಡಿದ. ಅತ್ತೆ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತರು. ಮೂರನೇ ದಿನಕ್ಕೇ ಅವರ ಪ್ರಶ್ನೆಗಳಿಗೆ ಸೊಸೆ ಪುಸ್ತಕ ತಿರುವಿ ಹಾಕಬೇಕಾಯಿತು.

ತಿಂಗಳ ಕೊನೆಗೆ ಪಟ್ಟಿ ಹೋಯಿತು: ಹದಿನೈದು. ಮೂರು ವಾರ ಉತ್ತರವಿಲ್ಲ. ನಾಲ್ಕನೇ ವಾರ ರಜೆ ಹಾಕಿ, ಆ ದಿನದ ಸಂಬಳ ಕಳೆದುಕೊಂಡು, ಅವಳೇ ಇಲಾಖೆಯ ಕಚೇರಿಗೆ ಹೋದಳು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಮಧ್ಯಾಹ್ನ ಊಟದ ಮೇಲೆ ಸೆಕ್ಷನ್ ಅಧಿಕಾರಿ ಸಿಕ್ಕರು. ಕನ್ನಡಕ ಹಣೆಗೇರಿಸಿ ಕಂಪ್ಯೂಟರ್ ನೋಡಿದರು.

"ನಿಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳು ಸೊನ್ನೆ ಅಂತ ಇದೆಯಲ್ಲ ಮೇಡಂ."

"ಹದಿನೈದು ಸಾರ್. ಪಟ್ಟಿ ಕಳಿಸಿದೀವಿ."

"ಅದು ಈ ವರ್ಷದ್ದು. ತೀರ್ಮಾನ ಆಗಿದ್ದು ಹೋದ ವರ್ಷದ ಲೆಕ್ಕದ ಮೇಲೆ."

"ಹೋದ ವರ್ಷವೂ ಹನ್ನೊಂದು ಜನ ಇದ್ರು. ಪರೀಕ್ಷೆ ಬರೆದು ಪಾಸಾಗಿದಾರೆ!"

ಅವರು ಪರದೆಯನ್ನು ಅವಳತ್ತ ತಿರುಗಿಸಿದರು. ವಿಭಾಗದ ಕಾಯಂ ಮುಖ್ಯಸ್ಥರ ನೌಕರ ಸಂಖ್ಯೆ ತುಂಬಬೇಕಾದ ಜಾಗ ಖಾಲಿಯಿತ್ತು. ಅದು ತುಂಬದೆ ಮಕ್ಕಳ ಹೆಸರು ಸೇರಿಸಲು ಆ ಕಂಪ್ಯೂಟರ್ ಬಿಡುವುದಿಲ್ಲವಂತೆ.

"ಕಾಯಂ ಮುಖ್ಯಸ್ಥರನ್ನ ನೀವೇ ನೇಮಿಸಿಲ್ಲವಲ್ಲ ಸಾರ್?"

"ನಿಜ. ಆದರೆ ಹನ್ನೊಂದು ಅಂತಲೇ ಇಟ್ಕೊಳ್ಳಿ, ಹದಿನೈದಕ್ಕಿಂತ ಕಡಿಮೆನೇ ಅಲ್ವಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ಈ ತಿಂಗಳ ಸಂಖ್ಯೆ ಯಾಕೆ ಕೇಳಿದ್ರಿ? ಬೋರ್‌ವೆಲ್ ಕೊರೆಯೋನನ್ನ ಕರ್ಕೊಂಡು ಬಂದೆ, ನಮ್ಮ ಅತ್ತೆಯನ್ನ ಬೆಂಚಿನ ಮೇಲೆ ಕೂರಿಸಿದೆ. ಯಾಕೆ?"

"ಮಾಹಿತಿಗೆ ಅಂತ ಕೇಳಿದ್ದು." ಅವರು ದನಿ ತಗ್ಗಿಸಿದರು. "ನನ್ನ ಮೇಲೆ ರೇಗಿ ಏನು ಪ್ರಯೋಜನ? ಮೇಲಿನೋರು ನಮ್ಮನ್ನ ಕೇಳೋದು ಒಂದೇ ಮಾತು, ಈ ಸಲ ಎಷ್ಟು ದುಡ್ಡು ಉಳಿಸಿದ್ರಿ ಅಂತ. ಎಷ್ಟು ಜನ ಕಲಿತ್ರು ಅಂತ ಕೇಳಿದ ದಿನ ನಾನು ನಿಮ್ಮ ಫೈಲೇ ಮೊದಲು ಇಡ್ತೀನಿ."

ಅವರು ಕೆಟ್ಟ ಮನುಷ್ಯರಾಗಿದ್ದರೆ ಎಷ್ಟೋ ಸುಲಭವಾಗಿತ್ತು, ಬೈದು ಇಳಿದು ಬರಬಹುದಿತ್ತು. ಅವರು ಕುಡಿಯಲು ನೀರು ಕೊಟ್ಟರು. ಅವಳು ಲೋಟ ಖಾಲಿ ಮಾಡಿ ಮೆಟ್ಟಿಲು ಇಳಿದಳು.

ಹತ್ತು ದಿನಕ್ಕೆ ಆದೇಶ ಬಂತು. ವಿಭಾಗ ರದ್ದು. ವಿದ್ಯಾರ್ಥಿಗಳು ಎರಡು ಗಂಟೆ ಬಸ್ಸಿನ ದೂರದ ಇನ್ನೊಂದು ಕಾಲೇಜಿಗೆ ವರ್ಗ, ಇಲ್ಲವೇ ಇಲ್ಲೇ ಬೇರೆ ವಿಷಯ. ಕಲ್ಲುಗಳೆಲ್ಲ ಗೋಣಿಚೀಲ ಸೇರಿ ಮೆಟ್ಟಿಲ ಕೆಳಗೆ ಬಿದ್ದವು. ಅವಳಿಗೆ ವಾರಕ್ಕೆರಡು ಗಂಟೆ ಪರಿಸರ ಅಧ್ಯಯನದ ಪಾಠ ಸಿಕ್ಕಿತು. "ಇದಾದ್ರೂ ಸಿಕ್ಕಿತಲ್ಲ," ಎಂದರು ಪ್ರಾಂಶುಪಾಲರು. ಅವರು ಅದನ್ನು ಉಪಕಾರವೆಂದೇ ನಂಬಿದ್ದರು.

ಅತ್ತೆಯನ್ನು ಕರೆದು, "ಗೃಹವಿಜ್ಞಾನಕ್ಕೆ ಸೇರ್ಕೊಳ್ಳಿ ಅಮ್ಮ, ನಿಮಗೆ ಸುಲಭವಾಗುತ್ತೆ," ಎಂದೂ ಹೇಳಿದರು.

"ನಲವತ್ತು ವರ್ಷ ಅದನ್ನೇ ಮಾಡಿದೀನಿ, ಪಾಸಾದೆ ಅಂತ ಯಾರೂ ಹೇಳಲಿಲ್ಲ," ಎಂದ ಅತ್ತೆ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದರು.

ಹದಿನೈದರಲ್ಲಿ ಆರು ಜನ ಮಾತ್ರ ಆ ಬಸ್ಸು ಹತ್ತಿದರು. ಉಳಿದವರು ವಿಷಯ ಬದಲಿಸಿದರು, ಸ್ಟುಡಿಯೋ ಹುಡುಗಿ ಓದನ್ನೇ ಬಿಟ್ಟಳು. ಮೊದಲ ದಿನ ಸಂಜೆ ಅತ್ತೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದರು, "ಅಲ್ಲಿ ಪಾಠ ಮಾಡೋರೇ ಇಲ್ಲ ಕಣೇ. ಎಂಟು ತಿಂಗಳಿಂದ ಹುದ್ದೆ ಖಾಲಿಯಂತೆ. ಪುಸ್ತಕ ಕೊಟ್ಟು ಓದ್ಕೊಳ್ಳಿ ಅಂದ್ರು."

ಅವಳು ಕೈಯಲ್ಲಿದ್ದ ಪಾತ್ರೆ ಸಿಂಕಿಗೆ ಕುಕ್ಕಿದಳು. ಸದ್ದಿಗೆ ಗಂಡ ಎದ್ದು ಬಂದ.

ಭಾನುವಾರ ಬೆಳಿಗ್ಗೆ ಕೊಳವೆಬಾವಿ ಮೇಸ್ತ್ರಿ, ಹಿಂದೆ ಅದೇ ಬಸ್ಸಿನ ಇನ್ನೂ ನಾಲ್ವರು, ಮನೆ ಬಾಗಿಲಲ್ಲಿ ನಿಂತಿದ್ದರು. ಕರೆಸಿದ್ದು ಅತ್ತೆ. ಅವರಾಗಲೇ ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿ ಕೂತಿದ್ದರು.

"ಅತ್ತೆ, ನಾನು ಪುಕ್ಕಟೆ ಪಾಠ ಮಾಡಿದ್ರೆ ಇದನ್ನೂ ಅವರು ಉಳಿತಾಯ ಅಂತಲೇ ಬರ್ಕೋತಾರೆ," ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ. "ಮೇಷ್ಟ್ರಿಲ್ಲದೆಯೂ ಆರಕ್ಕೆ ಆರೂ ಪಾಸು ಅಂತ ಮುಂದಿನ ವರ್ಷ ಇನ್ನೆರಡು ಹುದ್ದೆ ಕಿತ್ತು ಹಾಕ್ತಾರೆ."

"ಬರ್ಕೋತಾರೆ," ಎಂದರು ಅತ್ತೆ. "ಹಾಗಂತ ನಾನು ಫೇಲಾಗ್ಲಾ?"

ಕೋಪವನ್ನು ಎಲ್ಲಿ ಇಳಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಕುರ್ಚಿ ಸಾಲದೆ ಮೇಸ್ತ್ರಿ ನಿಂತೇ ಇದ್ದ. ಒಳಗಿನಿಂದ ಸ್ಟೂಲು ತಂದು ಅವನ ಮುಂದೆ ಇಟ್ಟಳು. ಆಮೇಲೆ, ಮುಖ ಗಂಟು ಹಾಕಿಕೊಂಡೇ, "ಎಷ್ಟನೇ ಪಾಠದಲ್ಲಿ ನಿಲ್ಲಿಸಿದ್ವಿ?" ಎಂದು ಕೇಳಿದಳು.