ಮೂಸಬಾರದ ಲ್ಯಾವೆಂಡರ್ ಎಣ್ಣೆ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಊದಿನಕಡ್ಡಿ, ಗಂಧ, ಅತ್ತರು, ಎಣ್ಣೆ ಮಾರುವ ಪ್ರಹ್ಲಾದಾಚಾರ್ರು ತಮ್ಮ ಅಂಗಡಿಯ ಒಂದೇ ಒಂದು ಸಾಮಾನನ್ನೂ ಈ ಜನ್ಮದಲ್ಲಿ ಮೂಸಿದವರಲ್ಲ. ಮಾರುವುದು ಸುವಾಸನೆ, ಮೂಗಿಗೆ ಮಾತ್ರ ಕಾಯಂ ರಜೆ! ಯಾಕೆಂದು ಕೇಳಿದರೆ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು: "ದೇವರಿಗೆ ಏರಿಸೋ ಪದಾರ್ಥ ಅದ. ನಾವು ಮೂಸಿದ್ರ ಎಂಜಲಾದಂಗ. ನಮ್ಮ ಅಂಗಡ್ಯಾಗ ಮೂಸಿದ್ದು ಒಂದೂ ಸಿಗಂಗಿಲ್ಲ."

ದೇವರ ಹೂವನ್ನು ಮೂಸಬಾರದೆಂಬುದು ಅಂಗಡಿಯಲ್ಲಿ ಕೆಲಸಕ್ಕಿದ್ದ ಸುಧಾರಾಣಿಗೂ ಗೊತ್ತಿತ್ತು. ಕುರುಗೋಡಿನ ಮನೆಯಲ್ಲಿ ಅವಳ ಅವ್ವನೂ ಅದನ್ನೇ ಹೇಳಿ ಬೆಳೆಸಿದ್ದಳು. ಆದರೆ ಬುಟ್ಟಿಯ ಮಲ್ಲಿಗೆ ಬೇರೆ, ಕ್ಯಾನಿನಲ್ಲಿ ಬರುವ ಮಾಲು ಬೇರೆ. ಆಚಾರ್ರು ಮೂಸುವುದಿಲ್ಲ ಎಂಬ ಸುದ್ದಿ ಸುತ್ತಲಿನ ಏಜೆಂಟರಿಗೆಲ್ಲ ಮುಟ್ಟಿ, ಎಲ್ಲೂ ಹೋಗದ ಕಸವನ್ನೆಲ್ಲ ತಂದು ಇಲ್ಲಿ ಸುರಿಯುತ್ತಿದ್ದರು. ಸೇರಿದ ಮೊದಲ ವಾರದಲ್ಲೇ ಅವಳಿಗೆ ಇದು ಕಂಡಿತು. ಆವತ್ತಿನಿಂದ ಆರು ವರ್ಷ, ಬೆಳಿಗ್ಗೆ ಕುರುಗೋಡಿನ ಬಸ್ಸಿಳಿದು ಬಂದವಳೇ, ಆಚಾರ್ರು ಪೂಜೆ ಮುಗಿಸಿ ಬರುವುದರೊಳಗೆ ಹೊಸ ಮಾಲನ್ನೆಲ್ಲ ಮೂಸಿಬಿಡುತ್ತಿದ್ದಳು. ಕೆಟ್ಟದ್ದಿದ್ದರೆ "ಸೋರಾಕ ಹತ್ತೈತ್ರಿ", "ಮುಚ್ಚಳ ಸಡ್ಲ ಐತ್ರಿ" ಅಂತ ಏನೋ ಒಂದು ನೆಪ ಹೇಳಿ ವಾಪಸು ಕಳಿಸುತ್ತಿದ್ದಳು. ಅಂಗಡಿಗೆ ಹೆಸರು ಬಂತು. "ಎಲ್ಲಾ ನಮ್ಮ ಮಡೀ ಪ್ರಭಾವ" ಅಂತ ಆಚಾರ್ರು ಹೇಳಿಕೊಂಡು ತಿರುಗಿದರು. ಪ್ರಭಾವವಂತೆ, ಪ್ರಭಾವ! ಸುಧಾರಾಣಿ ತುಟಿ ಬಿಗಿಹಿಡಿದು ಊದಿನಕಡ್ಡಿ ಕಟ್ಟು ಕಟ್ಟುತ್ತಿದ್ದಳು. ಮಗಳು ಸೌಂದರ್ಯ ನರ್ಸಿಂಗ್ ಓದುತ್ತಿದ್ದುದು ಈ ಸಂಬಳದ ಮೇಲೆ. ಕೆಲಸ ಹೋದರೆ ಹುಡುಗಿಯ ಓದೂ ಹೋದಂತೆಯೇ.

ಈ ಎರಡು ವರ್ಷದಿಂದ ಬಳ್ಳಾರಿಗೆ ಲ್ಯಾವೆಂಡರ್ ಹುಚ್ಚು ಹಿಡಿದಿತ್ತು. ನಿದ್ದೆ ಬರದಿದ್ದರೆ ದಿಂಬಿಗೆ ಎರಡು ಹನಿ, ತಲೆನೋವಿಗೆ ಹಣೆಗೆ ಒಂದು ಹನಿ, ಕೂದಲು ಉದುರಿದರೆ ಕೊಬ್ಬರಿ ಎಣ್ಣೆಯಲ್ಲಿ ನಾಲ್ಕು ಹನಿ, ಸೊಳ್ಳೆಗೆ ಅದೇ, ಸಿಟ್ಟಿಗೂ ಅದೇ. ಮೊನ್ನೆ ಮೊನ್ನೆಯವರೆಗೆ ಚಾಪೆಯ ಮೇಲೆ ಬಿದ್ದು ಗೊರಕೆ ಹೊಡೆದವರಿಗೆಲ್ಲ ಈಗ ಲ್ಯಾವೆಂಡರ್ ಇಲ್ಲದೆ ಕಣ್ಣು ಮುಚ್ಚುತ್ತಿರಲಿಲ್ಲ. ಸುಧಾರಾಣಿ ಅಸಲಿ ಎಣ್ಣೆಯನ್ನು ಒಮ್ಮೆ ಮೂಸಿದ್ದಳು. ಡಾಕ್ಟರಮ್ಮ ಒಬ್ಬರು ಕಾಶ್ಮೀರದಿಂದ ತರಿಸಿದ್ದ ಬಾಟಲಿ ಅದು. ಗಾಡಿಗಟ್ಟಲೆ ಹೂವನ್ನು ಹಬೆಯಲ್ಲಿ ಬೇಯಿಸಿದರೆ ಒಂದಿಷ್ಟು ಎಣ್ಣೆ ಇಳಿಯುತ್ತದೆ, ಅದನ್ನೂ ಹಾಗೇ ಮೈಗೆ ಹಚ್ಚಬಾರದು, ಬೇರೆ ಎಣ್ಣೆಯಲ್ಲಿ ಕಲಸಬೇಕು, ಎಳೆಕೂಸುಗಳಿಗಂತೂ ಬೇಡವೇ ಬೇಡ ಎಂದು ಅವರೇ ಹೇಳಿದ್ದರು. ಮೊದಲು ಹೂವು, ಆಮೇಲೆ ಒಣಹುಲ್ಲು, ಕೊನೆಗೆ ಒಂಚೂರು ಕಹಿ. ಆ ವಾಸನೆ ಅವಳ ಮೂಗಿನಲ್ಲಿ ಹಾಗೇ ಕೂತಿತ್ತು.

ಅವಳು ಮಗಳ ಕಾಲೇಜಿಗೆಂದು ರಜೆ ಹಾಕಿದ ದಿನವೇ ಏಜೆಂಟ್ ಅಮರೇಶ್ ಇಪ್ಪತ್ನಾಲ್ಕು ಬಾಟಲಿ ಲ್ಯಾವೆಂಡರ್ ತಂದು ಆಚಾರ್ರ ತಲೆಗೆ ಕಟ್ಟಿ ಹೋಗಿದ್ದ. "ಕಾಶ್ಮೀರದ ಗುಡ್ಡದ ಮಾಲ್ರಿ. ದೇವರ ದೀಪಕ್ಕೂ ಹಾಕ್ತಾರ್ರಿ" ಅಂದನಂತೆ. ದೇವರು ಅಂದದ್ದೇ ತಡ, ಆಚಾರ್ರು ಕೈಮುಗಿದು ತಗೊಂಡಿದ್ದರು.

ಮರುದಿನ ಬೆಳಿಗ್ಗೆ ಸುಧಾರಾಣಿ ಒಂದು ಬಾಟಲಿಯ ಮುಚ್ಚಳ ತಿರುವಿದಳು. ಥೂ! ಕಾರಿನಲ್ಲಿ ನೇತುಹಾಕುವ ಅಗ್ಗದ ಸೆಂಟಿನ ವಾಸನೆ, ಅದರ ಹಿಂದೆಯೇ ಫಿನೈಲಿನ ಘಾಟು. ಬಿಳಿ ಹಾಳೆಯ ಮೇಲೆ ಒಂದು ಹನಿ ಬಿಟ್ಟಳು. ಅಸಲಿಯಾಗಿದ್ದರೆ ಆರಿ ಹೋಗಬೇಕಿತ್ತು; ಇದು ಬಜ್ಜಿ ಇಟ್ಟ ಪೇಪರಿನ ಹಾಗೆ ಜಿಡ್ಡಿನ ಕಲೆ ಬಿಟ್ಟು ಕೂತಿತು. ಒಂದು ಹನಿ ಮೊಣಕೈಗೂ ಹಚ್ಚಿಕೊಂಡಳು. ಹನ್ನೊಂದು ಗಂಟೆಗೆ ಅಲ್ಲಿ ಕೆಂಪಗೆ ದದ್ದು ಎದ್ದು ಉರಿಯತೊಡಗಿತು.

ಏನು ನೆಪ ಹೇಳಿ ವಾಪಸು ಕಳಿಸಲಿ ಅಂತ ಯೋಚಿಸುತ್ತ ಬಾಟಲಿ ಎಣಿಸಿದರೆ ಇದ್ದದ್ದು ಇಪ್ಪತ್ಮೂರು.

"ಇನ್ನೊಂದು ಎಲ್ಲಿ ಹೋತ್ರಿ ಆಚಾರ್ರ?"

"ಮನೀಗೆ ಒಯ್ದೀನಿ," ಅಂದರು ಆಚಾರ್ರು ಸಂಭ್ರಮದಿಂದ. "ನಮ್ಮ ಶ್ರೀಕೃತಿ ಬಾಣಂತನಕ್ಕ ಬಂದಾಳಲ್ಲ. ಕೂಸು ರಾತ್ರಿಯೆಲ್ಲಾ ಅಳತದ. ಇವತ್ತು ಮಧ್ಯಾಹ್ನ ನೀರು ಎರೆಯೂ ಮುಂದ ಮೈಗೆಲ್ಲಾ ಹಚ್ಚು ಅಂತ ಹೇಳಿ ಬಂದೀನಿ."

ಆ ಕೂಸಿಗೆ ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ಸುಮ್ಮನಿದ್ದರೆ ಕೂಸಿನ ಮೈ ಸುಡುತ್ತದೆ, ಬಾಯಿ ಬಿಟ್ಟರೆ ಆರು ವರ್ಷದ ಗುಟ್ಟು ಬಯಲಾಗಿ ಕೆಲಸ ಹೋಗುತ್ತದೆ. ಸುಧಾರಾಣಿ ಬಾಯಿ ಬಿಟ್ಟಳು.

"ಅದನ್ನ ಕೂಸಿಗಿ ಹಚ್ಚಬ್ಯಾಡ್ರಿ ಆಚಾರ್ರ. ಕಲಬೆರಕಿ ಐತಿ. ನಾನು ಮೂಸಿ ನೋಡೀನಿ. ನನ್ನ ಕೈ ನೋಡ್ರಿ ಇಲ್ಲೆ."

ಆಚಾರ್ರು ಕೈ ನೋಡಲಿಲ್ಲ. "ಮೂಸಿದಿ?" ಅಂದರು. "ಇದೊಂದನ್ನೇನು?"

"ಎಲ್ಲಾನೂರಿ. ಸೇರಿದಾಗಿಂದ."

ಪುಣ್ಯಕ್ಕೆ ಮೊದಲು ಮನೆಗೆ ಫೋನು ಹೋಯಿತು. "ಸೀತಾ, ಆ ಎಣ್ಣಿ ಮುಟ್ಟಬ್ಯಾಡ! ಚೆಲ್ಲು, ಮೊದಲ ಚೆಲ್ಲು!" ಅಂತ ಹೆಂಡತಿ ಸೀತಾಬಾಯಿಗೆ ಕೂಗಿ ಹೇಳಿದರು. ಆಮೇಲೆ ಗಲ್ಲೆಯ ಮೇಲೆ ತಲೆ ಹಿಡಿದು ಕೂತುಬಿಟ್ಟರು. "ಆರು ವರ್ಷ ಮೂಸಿದ ಗಂಧ ದೇವರಿಗೆ ಮುಟ್ಟಿಸಿದ್ನಲ್ಲೋ ರಾಮಾ!" ಮೊಮ್ಮಗಳ ಚರ್ಮ ಉಳಿಯಿತೆಂಬ ಮಾತಿಲ್ಲ. ಇವಳ ಕೈ ಏನಾಯಿತೆಂಬ ಮಾತು ಮೊದಲೇ ಇಲ್ಲ. ಇಂಥ ಮನುಷ್ಯನಿಗೆ ಆರು ವರ್ಷ ಮೂಗು ಸವೆಸಿದೆನಲ್ಲ ಅಂತ ಸುಧಾರಾಣಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮರುದಿನ ಅವಳು ಬರುವ ಹೊತ್ತಿಗೆ ಆಚಾರ್ರು ಕಪಾಟಿಗೆಲ್ಲ ತುಳಸಿ ನೀರು ಚಿಮುಕಿಸಿ ಮುಗಿಸಿದ್ದರು. ರಾತ್ರಿಯೇ ಪ್ರಾಯಶ್ಚಿತ್ತವೂ ಆಗಿತ್ತಂತೆ. ಮುಖ ತಿಳಿಯಾಗಿತ್ತು.

"ಆದದ್ದಾತು. ಇನ್ನ ಮ್ಯಾಲೆ ಮೂಸಬ್ಯಾಡ," ಅಂದರು. "ಆ ಇಪ್ಪತ್ಮೂರು ಬಾಟ್ಲಿ ಮುಂದಿನ ಸಾಲಿನಾಗ ಇಡು."

"ಯಾಕ್ರಿ? ಅಮರೇಶಗ ವಾಪಸ್ ಕೊಡಾಕೇನು?"

"ಅಂವ ಎಲ್ಲಿ ಫೋನ್ ಎತ್ತತಾನ? ಮಾರಿಬಿಡೋಣ."

"ಇದನ್ನಾ? ಮಂದಿ ಮೈಗೆ ಹಚ್ಕೋತಾರ್ರಿ!"

"ಹಚ್ಕೊಳ್ಳಲಿ ಬಿಡು," ಅಂದರು ಆಚಾರ್ರು, ಗಂಧದ ಬೊಟ್ಟು ಸರಿಮಾಡಿಕೊಳ್ಳುತ್ತ. "ದೇವರಿಗೇನು ಕೊಡಂಗಿಲ್ಲಲ್ಲ. ಮಂದಿಗೆ."

ಸುಧಾರಾಣಿ ಬಾಟಲಿಗಳನ್ನು ಜೋಡಿಸಿದಳು. ಜೋಡಿಸುವಾಗ ಕಣ್ಣೆದುರಿಗೆ ಮಗಳ ಕಾಲೇಜಿನ ಬಿಳಿ ಯೂನಿಫಾರ್ಮ್ ಇತ್ತು, ಸುಳ್ಳು ಯಾಕೆ ಹೇಳಬೇಕು.

ಹನ್ನೆರಡರ ಸುಮಾರಿಗೆ ಅಂಗಡಿ ತುಂಬಿತ್ತು. ಸಿರುಗುಪ್ಪದ ಬಸ್ಸಿಗೆ ದೇಶನೂರಿನಿಂದ ಬಂದಿದ್ದ ದುರುಗಮ್ಮ ಎಂಬ ಹೆಂಗಸು ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಮಗಳ ಹೆರಿಗೆಗೆಂದು ಬಳ್ಳಾರಿಯ ಆಸ್ಪತ್ರೆಗೆ ಬಂದವಳು.

"ಯವ್ವಾ, ಅದೇನೋ ನಿದ್ದಿ ಎಣ್ಣಿ ಅಂತಲ್ಲ, ನೀಲಿ ಹೂವಿಂದು. ನಮ್ಮ ಮೊಮ್ಮಗ ಮಲಗವಲ್ದು. ಫೋನಿನಾಗ ತೋರಿಸ್ಯಾರ, ಮೈಗೆ ತಿಕ್ಕಿದ್ರ ಚೊಲೊ ಮಲಗತಾವಂತ."

ಸುಧಾರಾಣಿ ಬಾಯಿ ತೆರೆಯುವುದರೊಳಗೆ ಆಚಾರ್ರೇ ಎದ್ದು ಬಂದು ಬಾಟಲಿಯನ್ನು ದುರುಗಮ್ಮನ ಕೈಗಿಟ್ಟರು. "ಕಾಶ್ಮೀರದ್ದಮ್ಮಾ. ಶುದ್ಧ ಅಂದ್ರ ಶುದ್ಧ. ನಮ್ಮ ಅಂಗಡ್ಯಾಗ ಯಾರೂ ಮೂಸಿದ್ದಲ್ಲ."

ಸುಧಾರಾಣಿ ಗಲ್ಲೆಯ ಈಚೆಗೆ ಬಂದು ಆ ಬಾಟಲಿಯನ್ನು ದುರುಗಮ್ಮನ ಕೈಯಿಂದ ತಗೊಂಡಳು. ಮುಚ್ಚಳ ತಿರುವಿ, ಅಷ್ಟೂ ಗಿರಾಕಿಗಳ ಮುಂದೆ ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದಳು.

"ಏ ಸುಧಾ!"

"ಇದು ಫಿನೈಲು, ಸೆಂಟು, ಮತ್ಯಾವುದೋ ಅಡ್ನಾಡಿ ಎಣ್ಣಿ," ಅಂತ ದುರುಗಮ್ಮನಿಗೆ ಹೇಳಿ, ತೋಳು ಮೇಲೆತ್ತಿ ದದ್ದು ತೋರಿಸಿದಳು. "ಒಂದೇ ಹನಿಗೆ ನನಗ ಹಿಂಗಾತು ನೋಡವ್ವಾ. ಅಸಲಿ ಇದ್ರೂ ಎಳಿಕೂಸಿಗಿ ಹಚ್ಚಬಾರದು."

ಆಚಾರ್ರ ಮುಖ ಕೆಂಪಾಯಿತು. ದುರುಗಮ್ಮನ ಕಡೆಗೂ ನೋಡದೆ, ಹಿಂದೆ ನಿಂತ ಗಿರಾಕಿಗಳ ಕಡೆ ತಿರುಗಿ ನಗಲು ನೋಡಿದರು. "ಆಕಿ ಮಾತು ನಂಬಬ್ಯಾಡ್ರಿ. ಕೆಲಸದಾಕಿ, ಆಕಿಗೇನು ತಿಳೀತದ?"

"ನಿನ್ನೆ ನಿಮ್ಮ ಮೊಮ್ಮಗಳಿಗಿ ಹಚ್ಚಬ್ಯಾಡ್ರಿ ಅಂದಾಗ ನಂಬಿದ್ರಲ್ರಿ ಆಚಾರ್ರ," ಅಂದಳು ಸುಧಾರಾಣಿ.

ಮುಂದಿನ ಸಾಲಿನ ಬಾಟಲಿ ಆಗಲೇ ಕೈಗೆತ್ತಿಕೊಂಡಿದ್ದ ಒಬ್ಬಾಕೆ ಅದನ್ನು ಮೆಲ್ಲಗೆ ಕೆಳಗಿಟ್ಟಳು.

ಸುಧಾರಾಣಿ ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡಳು. ಸೌಂದರ್ಯಳಿಗೆ ಏನು ಹೇಳುವುದೋ ತಿಳಿಯಲಿಲ್ಲ. ದುರುಗಮ್ಮ ಅವಳ ಸೆರಗು ಹಿಡಿದು ಜಗ್ಗಿದಳು.

"ಹಂಗಾದ್ರ ಕೂಸಿಗಿ ಏನ್ ಹಚ್ಚಲೆವ್ವಾ?"

"ಕೊಬ್ರಿ ಎಣ್ಣಿ. ಆ ಕಡಿ ಗಾಣದ ಅಂಗಡ್ಯಾಗ ಸಿಗತೈತಿ," ಅಂದಳು ಸುಧಾರಾಣಿ. "ನಡಿ, ತೋರಸ್ತೀನಿ."