ಮನೆಯವರ ಚಪ್ಪಲಿ

"ಮೂರನೇ ಪಿನ್ ಎಲ್ಲಿ ಹೋಯ್ತು?"

ವಿದ್ಯುತ್ ಪರಿವೀಕ್ಷಕ ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಗೋಡೆಯಿಂದ ಕಿತ್ತ ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಅವನಿಗೆ ವಿಪರೀತ ನೆಗಡಿ. ಪ್ರತಿ ಮಾತಿಗೂ ಮೊದಲು ಮೂಗೆಳೆದುಕೊಳ್ಳುತ್ತಿದ್ದ. ಹಿತ್ತಿಲ ಕೋಣೆಯ ಬಾಗಿಲಲ್ಲಿ ಗಂಡ, ಅವನ ಪಕ್ಕಕ್ಕೆ ಅತ್ತೆ, ಇಬ್ಬರ ಭುಜಗಳ ಹಿಂದೆ ಸೊಸೆ ನಿಂತಿದ್ದಳು. ಶಾಲೆಗೆ ಎರಡು ದಿನ ರಜೆ ಹಾಕಿದ್ದಳು.

"ಕಂಪನಿಯಿಂದಲೇ ಹಾಗೆ ಬಂದಿರಬೇಕು ಸಾರ್," ಎಂದ ಗಂಡ.

"ಗರಗಸದ ಬ್ಲೇಡಿನ ಗೆರೆ ಕಾಣ್ತಿದೆಯಲ್ರೀ."

ಈ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ, ಗೋಡೆಯ ಸಾಕೆಟ್ಟಿನಲ್ಲಿ ಎರಡೇ ತೂತು ಇದ್ದದ್ದನ್ನು ಕಂಡು ಮೇಲಿನ ದಪ್ಪ ಪಿನ್ನನ್ನು ಕೊಯ್ದು ಹಾಕಿದವನು ಗಂಡನೇ. ಔಷಧಿ ಅಂಗಡಿಯವನಾದರೂ ತಾನು ಮಾಡದ ಕೆಲಸವಿಲ್ಲ ಎಂಬ ಜಂಬ. "ಕರೆಂಟು ಬರೋದು ಎರಡರಲ್ಲಿ. ಮೂರನೇದು ಶೋಕಿಗೆ," ಎಂದು ಅಂದು ಹೇಳಿ, ತುಂಡಾದ ಪಿನ್ನನ್ನು ಮಗುವಿನಂತೆ ಅಂಗೈಯಲ್ಲಿ ಕುಣಿಸಿ ತೋರಿಸಿದ್ದ.

ಪರಿವೀಕ್ಷಕ ಆಗಲೇ ಮೀಟರಿನ ಒಂದು ತಂತಿಯನ್ನು ಮೆಷಿನ್ನಿನ ತಗಡಿಗೂ ಇನ್ನೊಂದನ್ನು ನಲ್ಲಿಗೂ ತಾಗಿಸಿ ನೋಡಿದ್ದ. ಗೋಡೆಯಲ್ಲಿದ್ದ ಕರೆಂಟು ಅಷ್ಟೂ ತಗಡಿನ ಮೈಗೆ ಬಂದಿತ್ತು.

"ಒಳಗೆ ಮೋಟರಿಗೆ ನೀರು ಇಳಿದಿದೆ. ಆ ಪಿನ್ನೂ ಗೋಡೇಲಿ ಅದರ ತೂತೂ ಇದ್ದಿದ್ರೆ ಕರೆಂಟು ಭೂಮಿಗೆ ಹೋಗಿ ಫ್ಯೂಸ್ ಹಾರಿಬಿಡ್ತಿತ್ತು. ಮೆಷಿನ್ ನಿಂತುಹೋಗೋದು, ನೀವು ಬೈಕೊಂಡು ರಿಪೇರಿಯವನ್ನ ಕರೆಸ್ತಿದ್ರಿ, ಅಷ್ಟೇ. ಈಗ ಅದಕ್ಕೆ ಹೋಗೋಕೆ ದಾರೀನೇ ಇಲ್ಲ. ಯಾರಾದ್ರೂ ಮುಟ್ಟಲಿ ಅಂತ ಮೈಮೇಲೇ ಕಾಯ್ತಾ ಕೂತಿತ್ತು." ಅವನು ಎದ್ದು ಮೊಣಕಾಲು ಒತ್ತಿಕೊಂಡ. "ಮುಂಚೆ ಯಾವತ್ತಾದ್ರೂ ಇದು ಷಾಕ್ ಹೊಡೆದಿತ್ತಾ?"

"ಇಲ್ಲ ಸಾರ್."

"ಇಲ್ಲಪ್ಪ," ಎಂದಳು ಅತ್ತೆ. "ನಾನು ದಿನಾ ಮುಟ್ತೀನಿ. ನನಗೇನಾಗಿದೆ ನೋಡು, ಗುಂಡುಕಲ್ಲಿನ ಹಾಗಿದೀನಿ."

"ಒದ್ದೆ ಕೈಯಲ್ಲಿ ಮೆಷಿನ್ ಹತ್ರ ಹೋಗಬೇಡ ಅಂತ ಆ ಕೆಲಸದವಳಿಗೆ ನೂರು ಸಲ ಹೇಳಿದೀನಿ ಸಾರ್," ಎಂದ ಗಂಡ. "ಕೇಳಬೇಕಲ್ಲ. ಬಾಯಿ ಒಂದೇ ಅವಳಿಗೆ ಇದ್ದದ್ದು, ಕಿವಿ ಇರಲಿಲ್ಲ."

ಪರಿವೀಕ್ಷಕ ಅವರಿಬ್ಬರ ನಡುವಿನಿಂದ ನೋಡಿದ. "ನೀವು, ಮೇಡಂ?"

ಬೆಳಿಗ್ಗೆ ಅಡುಗೆಮನೆಯಲ್ಲಿ ಗಂಡ ಹೇಳಿದ್ದು ಸೊಸೆಯ ಕಿವಿಯಲ್ಲೇ ಇತ್ತು: "ಗೊತ್ತಿದ್ದೂ ಬಿಟ್ಟಿದ್ರು ಅಂತ ಆದ್ರೆ ಕೇಸಾಗುತ್ತೆ ಕಣೇ. ಒಳಗೆ ಹೋಗೋನು ನಾನು. ಆಮೇಲೆ ಅಂಗಡಿ ನೀನು ನಡೆಸ್ತೀಯಾ?"

"ಇಲ್ಲ," ಎಂದಳು.

"ಸರಿ. ಹಾಗಾದ್ರೆ ಅವತ್ತೇ ಕೆಟ್ಟಿದ್ದು. ಆಕಸ್ಮಿಕ." ಅವನು ಚೀಲ ತೆರೆದು ಮೀಟರಿನ ತಂತಿ ಸುತ್ತತೊಡಗಿದ.

ಆ ಮೆಷಿನ್ನಿಗೆ ಮನೆಯಲ್ಲಿ ಮುಂಗೋಪಿ ಎಂದು ಹೆಸರು. ಬರಿಗಾಲಲ್ಲಿ ಮುಟ್ಟಿದರೆ ಜುಮ್ಮೆನ್ನಿಸುತ್ತಿತ್ತು. ಹೆಚ್ಚೇನಿಲ್ಲ, ಮೊಣಕೈವರೆಗೆ ಇರುವೆ ಹರಿದಂತೆ. ಅದಕ್ಕೆ ಪರಿಹಾರವಾಗಿ ಗಂಡ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ ತಂದು ಮೆಷಿನ್ನಿನ ಮುಂದೆ ಇಟ್ಟಿದ್ದ. ಅದನ್ನು ಮೆಟ್ಟಿಕೊಂಡರೆ ಮುಂಗೋಪಿ ತಣ್ಣಗೆ. "ದೊಡ್ಡೋರ ಮುಂದೆ ಹೋಗೋವಾಗ ಚಪ್ಪಲಿ ಬಿಡ್ತೀವಿ, ಇವನ ಮುಂದೆ ಮಾತ್ರ ಹಾಕ್ಕೋಬೇಕು," ಎಂದು ಅವನು ಬಂದ ನೆಂಟರಿಗೆಲ್ಲ ತಮಾಷೆ ಮಾಡುತ್ತಿದ್ದ. ನೆಂಟರು ನಕ್ಕು, ತಮ್ಮ ಮನೆಯ ಫ್ರಿಜ್ಜಿಗೂ ಅದೇ ರೋಗವಿದೆ ಎನ್ನುತ್ತಿದ್ದರು. ವರ್ಷಗಳು ಕಳೆದ ಮೇಲೆ ಅದೊಂದು ದೋಷವೆಂಬುದೇ ಮರೆತುಹೋಗಿ, ಬಾಗಿಲು ತಗ್ಗಾಗಿದ್ದರೆ ತಲೆ ಬಗ್ಗಿಸುವ ಹಾಗೆ, ಕಾಲು ತಾನಾಗಿ ಚಪ್ಪಲಿಯೊಳಕ್ಕೆ ಹೋಗುತ್ತಿತ್ತು.

ಬಟ್ಟೆ, ಪಾತ್ರೆಗೆ ಬರುತ್ತಿದ್ದವಳನ್ನು ಬೀದಿಯವರೆಲ್ಲ ಗಿಣಿ ಎನ್ನುತ್ತಿದ್ದರು. ಮಾತು ನಿಲ್ಲಿಸುತ್ತಿರಲಿಲ್ಲ. ಕೇಳುವವರು ಇಲ್ಲದಿದ್ದರೆ ಅಂಗಿಯ ಕಾಲರಿನ ಜೊತೆಗೇ ಜಗಳ: "ಏನಪ್ಪಾ, ಕುತ್ತಿಗೇಲಿ ಗದ್ದೆ ಉತ್ತಿದೀಯಾ?" ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅವಳು ಆ ನೀಲಿ ಚಪ್ಪಲಿಗೆ ಕಾಲು ತೂರಿಸಿದ್ದಳು. ಅತ್ತೆ ಒಳಗಿನಿಂದಲೇ ಕೂಗಿದ್ದಳು: "ಏಯ್, ಬಿಡೇ ಅದನ್ನ. ಅದು ಮನೆಯೋರದ್ದು."

"ಅಯ್ಯೋ, ನಿಮ್ಮ ಚಪ್ಪಲಿ ತಿಂದುಬಿಡ್ತೀನಾ ಅಮ್ಮಾ," ಎಂದು ನಕ್ಕು ಬಿಟ್ಟಿದ್ದಳು ಗಿಣಿ. ಆಮೇಲೆ ಎಂದೂ ಮೆಟ್ಟಲಿಲ್ಲ. ತನ್ನ ಚಪ್ಪಲಿಯನ್ನು ಹಿತ್ತಿಲ ಮೆಟ್ಟಿಲ ಮೇಲೆ ಬಿಟ್ಟು ಬರುವಳು. ಕೋಣೆಗೆ ನೀರು ಹಾಕುವ ಮೊದಲು ನೀಲಿ ಚಪ್ಪಲಿಯನ್ನು ಎತ್ತಿ, ನೆನೆಯದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಅದರ ಜಾಗದಲ್ಲಿ ಜೋಡಿಸಿಡುವಳು.

ಒಂದು ದಿನ ಅವಳು ಅಂಗೈ ಚಾಚಿ, "ಟೀಚರಮ್ಮಾ, ನಿಮ್ಮ ಸೋಪಿನ ಪುಡಿ ಬಲು ಖಾರ. ಕೈ ಚುರುಚುರು ಅನ್ನುತ್ತೆ," ಎಂದಿದ್ದಳು. ಬೆರಳ ಸಂದಿಗಳು ಬಿರಿದು ಬೆಳ್ಳಗಾಗಿದ್ದವು. ಸೊಸೆಗೆ ಅಯ್ಯೋ ಅನ್ನಿಸಿತ್ತು. ಆ ಸಂಜೆ ಶಾಲೆಯಿಂದ ಬರುವಾಗ ಅಂಗಡಿಯಲ್ಲಿ ಕೂಸುಗಳ ಬಟ್ಟೆಗೆ ಬಳಸುವ ಪುಡಿ ಕೊಂಡಿದ್ದಳು. ಆಗ ಅವಳಿಗೆ ನೀಲಿ ಚಪ್ಪಲಿ ನೆನಪಾಗಲಿಲ್ಲವೇ? ಆಗಿತ್ತು. ಹೇಳಿದರೆ ಗಿಣಿ ಹೆದರಿ ಕೆಲಸ ಬಿಟ್ಟಾಳು, ಬೇರೆ ಚಪ್ಪಲಿ ತಂದುಕೊಟ್ಟರೆ ಅತ್ತೆಯ ಜೊತೆ ಮಾತಿಗೆ ಮಾತು ಬೆಳೆದೀತು ಎಂದು, ಪುಡಿಯ ಪೊಟ್ಟಣವನ್ನು ಕೈಚೀಲಕ್ಕೆ ಹಾಕುವಷ್ಟರಲ್ಲಿ ಆ ನೆನಪನ್ನು ಅಲ್ಲೇ ಬಿಟ್ಟು ಬಂದಿದ್ದಳು.

ಮೊನ್ನೆ ಹಿತ್ತಿಲ ಕೋಣೆಯಿಂದ ಬರುತ್ತಿದ್ದ ಮಾತು ನಡುವೆಯೇ ನಿಂತಿತಂತೆ. ಅತ್ತೆ, ಅಬ್ಬ, ಈಗಲಾದರೂ ಬಾಯಿಗೆ ಬಿಡುವು ಕೊಟ್ಟಳಲ್ಲ ಎಂದುಕೊಂಡು ತರಕಾರಿ ಹೆಚ್ಚುತ್ತಾ ಕೂತಿದ್ದಳಂತೆ.

"ಅಮ್ಮಾ," ಎಂದು ಈಗ ಅದೇ ಹಿತ್ತಿಲ ಕಡೆಯಿಂದ ಯಾರೋ ಕರೆದರು.

ಗಿಣಿಯ ಅಕ್ಕ. ಮಾಸಿದ ಸೀರೆ, ಊದಿಕೊಂಡ ಕಣ್ಣು. ಮೆಟ್ಟಿಲ ಮೇಲಿದ್ದ ತಂಗಿಯ ಚಪ್ಪಲಿಗಳನ್ನು ಆಗಲೇ ಕೈಗೆತ್ತಿಕೊಂಡಿದ್ದಳು. ಒಂದರ ಪಟ್ಟಿಗೆ ಸೇಫ್ಟಿ ಪಿನ್ ಚುಚ್ಚಿತ್ತು. ತನ್ನದನ್ನು ಮೆಟ್ಟಿಲಲ್ಲೇ ಬಿಟ್ಟು ಕೋಣೆಯೊಳಗೆ ಕಾಲಿಟ್ಟಳು.

"ಇದನ್ನ ತಗೊಂಡು ಹೋಗೋಣ ಅಂತ ಬಂದೆ."

"ತಗೊಂಡು ಹೋಗಮ್ಮ," ಎಂದ ಗಂಡ ಅವಸರದಿಂದ. "ಇವರು ಆಫೀಸಿನವರು. ಎಲ್ಲ ನೋಡಿದಾರೆ. ಆಕಸ್ಮಿಕ ಅಂದ್ರು. ಒದ್ದೆ ಕೈ, ನೋಡು."

ಅವಳು ತಲೆಯಾಡಿಸಿದಳು. ಹೊರಡಲಿಲ್ಲ. ಸೊಸೆಯನ್ನು ಹುಡುಕಿ ಅವಳ ಕಡೆ ತಿರುಗಿದಳು.

"ಟೀಚರಮ್ಮಾ, ನಿಮಗೊಂದು ಮಾತು ಹೇಳ್ಬೇಕಿತ್ತು. ನೀವಂದ್ರೆ ಅವಳಿಗೆ ಪ್ರಾಣ. ನನ್ನ ಕೈ ಉರಿ ನೋಡಿ ಸೋಪಿನ ಪುಡೀನೇ ಬದಲಾಯಿಸಿದ್ರು ಕಣಕ್ಕಾ, ಯಾರು ಮಾಡ್ತಾರೆ ಹೇಳು, ಅಂತ ಬೀದಿಗೆಲ್ಲ ಸಾರಿಕೊಂಡು ಬಂದಿದ್ಲು."

ತಂತಿ ಸುತ್ತುತ್ತಿದ್ದ ಪರಿವೀಕ್ಷಕನ ಕೈ ನಿಂತಿತು. "ಕೈ ಉರೀನಾ?"

"ಹೂಂ ಸಾರ್. ಚುರುಚುರು ಅಂತಿತ್ತಂತೆ. ಬೇರೆ ಮನೇಲೂ ಒಗೀತಿದ್ಲು, ಅಲ್ಲೆಲ್ಲ ಏನೂ ಇಲ್ಲ, ಇಲ್ಲಿ ಮಾತ್ರ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಪುಡಿ ಬದಲಾಯಿಸಿದ ಮೇಲೂ ಹಾಗೇ ಇತ್ತು. ಹೇಳೇ ಅವರಿಗೆ ಅಂದ್ರೆ, ಬೇಡಕ್ಕಾ, ಪಾಪ ಟೀಚರಮ್ಮ ಅಷ್ಟು ಮುತುವರ್ಜಿಯಿಂದ ತಂದಿದಾರೆ, ಬೇಜಾರು ಮಾಡ್ಕೋತಾರೆ, ಅಂದ್ಲು."

ನಲ್ಲಿಯಿಂದ ಬಕೆಟ್ಟಿಗೆ ಹನಿ ಬೀಳುತ್ತಿತ್ತು.

"ಸಾರ್, ಇವರಿಗೆಲ್ಲ ಸೋಪು ಆಗಲ್ಲ, ಚರ್ಮದ್ದು," ಎಂದ ಗಂಡ. "ನನ್ನ ಅಂಗಡಿಗೆ ದಿನಾ ಬರ್ತಾರೆ ಮುಲಾಮಿಗೆ."

ಪರಿವೀಕ್ಷಕ ಅವನ ಕಡೆ ನೋಡಲಿಲ್ಲ. ಮೆಷಿನ್ನಿನ ಮುಂದಿನ ಸಿಮೆಂಟು ನೆಲವನ್ನು ನೋಡುತ್ತಿದ್ದ. ಕಿಟಕಿಯ ಬಿಸಿಲಿಗೆ ಬಣ್ಣ ಹಾರಿ ನೆಲ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದೇ ಒಂದು ಕಡೆ, ಅಕ್ಕಪಕ್ಕ, ಪಾದದ ಆಕಾರದ ಎರಡು ಜಾಗಗಳಲ್ಲಿ ಮಾತ್ರ ಅದರ ಹಳೆಯ ಕೆಂಪು ಉಳಿದಿತ್ತು.

"ಮೇಡಂ," ಎಂದ ಅವನು, ಮೂಗೆಳೆದುಕೊಂಡು. "ಇನ್ನೊಂದು ಸಲ ಕೇಳ್ತೀನಿ."

ಸೊಸೆ ಗಂಡನ ಮುಖ ನೋಡಿದಳು. ಅವನ ಕಣ್ಣು ಬೇಡುತ್ತಿತ್ತು. ಅತ್ತೆ ಅವಳ ಮೊಣಕೈ ಹಿಡಿದು, "ಒಳಗೆ ಹೋಗೇ, ಹಾಲು ಉಕ್ಕುತ್ತೆ," ಎಂದಳು. ಒಲೆಯ ಮೇಲೆ ಹಾಲಿರಲಿಲ್ಲ.

ಅವಳು ಮೊಣಕೈ ಬಿಡಿಸಿಕೊಂಡು, ಇಬ್ಬರ ನಡುವೆ ಜಾಗ ಮಾಡಿಕೊಂಡು ಕೋಣೆ ದಾಟಿ ಹಿತ್ತಿಲಿಗೆ ಇಳಿದಳು. ನೀರಿನ ಡ್ರಮ್ಮಿನ ಹಿಂದೆ ಬೆಳಿಗ್ಗೆ ಗಂಡ ತುರುಕಿದ್ದ ಪೊಟ್ಟಣ ಹಾಗೇ ಇತ್ತು. ಪತ್ರಿಕೆಯ ಹಾಳೆ ನೆನೆದು ಹರಿದಿತ್ತು. ಅದನ್ನು ಬಿಡಿಸುತ್ತ ಒಳಗೆ ಬಂದಳು. ಗಂಡ, "ಲೇ," ಎಂದ. ಅಷ್ಟೇ ಎಂದ.

ಅವಳು ಬಗ್ಗಿ, ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು, ನೀಲಿ ಚಪ್ಪಲಿಗಳನ್ನು ಆ ಎರಡು ಕೆಂಪು ಗುರುತುಗಳ ಮೇಲೆ ಇಟ್ಟಳು. ಒಂದು ಕೂದಲೆಳೆಯಷ್ಟೂ ಕೆಂಪು ಹೊರಗೆ ಉಳಿಯಲಿಲ್ಲ.

ಗಿಣಿಯ ಅಕ್ಕ ಅದನ್ನು ನೋಡಿದಳು. ಮೆಷಿನ್ನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ, ಒದ್ದೆ ನೆಲದ ಮೇಲಿದ್ದ ತನ್ನ ಬರಿಗಾಲುಗಳನ್ನು ನೋಡಿಕೊಂಡು, ತಂಗಿಯ ಚಪ್ಪಲಿಗಳನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.